ಶಾಲೆ, ಮತ, ಮನೆ: ಭೀಮಾ-ಕೃಷ್ಣೆಯರ ನಡುವಣ ನಾಲ್ಕು ತಾಲೂಕುಗಳ ಬಿನ್ನಹ

ಬಡಗಲಿಗೆ ಭೀಮಾನದಿ, ತೆಂಕಲಿಗೆ ಕೃಷ್ಣಾನದಿ, ನಡುವೆ ಡೋಣಿಯ ಹೊಳೆ. ಈ ನೀರುಗಳ ಮಧ್ಯದ ಎರೆಯ ಭೂಮಿಯಲ್ಲಿ ಇಂಡಿ, ಸಿಂದಗಿ, ಬಸವನ ಬಾಗೇವಾಡಿ, ಮುದ್ದೇಬಿಹಾಳ ಎಂಬ ನಾಲ್ಕು ತಾಲೂಕುಗಳು ಹಬ್ಬಿಕೊಂಡಿರುವವು. ಬಾಗೇವಾಡಿಯು ಬಸವಣ್ಣನವರ ಜನ್ಮಭೂಮಿ. ಮುದ್ದೇಬಿಹಾಳ ಸೀಮೆಯ ತಾಳೀಕೋಟೆಯ ಹೆಸರನ್ನು 1565ರ ಮಹಾಯುದ್ಧವು ದೇಶಕ್ಕೆಲ್ಲ ತಿಳಿಸಿತು. ಶರಣರ ಚರಿತ್ರೆಯನ್ನೂ ಸುಲ್ತಾನರ ಚರಿತ್ರೆಯನ್ನೂ ಪಂಡಿತರು ಸಾಕಷ್ಟು ಬರೆದಿರುವರು. ಆದರೆ ಅರಸುತನವೂ ಅಧಿಕಾರವೂ ಇಲ್ಲದ ಪ್ರಜೆಗಳು ಸಂಘ ಕಟ್ಟಿಕೊಂಡು ಸರಕಾರದ ಮುಂದೆ ಮಾಡಿಕೊಂಡ ಬಿನ್ನಹಗಳ ಚರಿತ್ರೆಯು ಕಲ್ಲಿನಲ್ಲಿ ಕೊರೆದುದಲ್ಲ, ಕಾಗದದಲ್ಲಿ ಉಳಿದುದು. ಅದರ ವಿಷಯಗಳು ಮುಖ್ಯವಾಗಿ ಮೂರು: ಮಕ್ಕಳಿಗೆ ಶಾಲೆ, ದೊಡ್ಡವರಿಗೆ ಮತ, ಕುಟುಂಬಕ್ಕೆ ಮನೆ. ಈ ಮೂರರ ಸಂಬಂಧವೇನು, ಯಾವುದು ಮೊದಲು ದೊರೆಯಿತು, ಯಾವುದು ಕೊನೆಗೆ ಉಳಿಯಿತು ಎಂಬುದು ವಿಚಾರಾರ್ಹವಾಗಿದೆ.

1864ರಲ್ಲಿ ಕಲಾದಗಿ ಜಿಲ್ಲೆಯು ಏರ್ಪಟ್ಟಿತು. 1885ರಲ್ಲಿ ಜಿಲ್ಲೆಯ ಕಚೇರಿಯು ವಿಜಾಪುರಕ್ಕೆ ಬಂದಿತು. ಈ ನಡುವಣ ಕಾಲದ ಘೋರವಾದ ಸಂಗತಿಯೆಂದರೆ 1876-78ರ ಬರಗಾಲ. 1872ರ ಜನಗಣತಿಯಲ್ಲಿ ಸುಮಾರು 8 ಲಕ್ಷ 16 ಸಾವಿರ ಜನರಿದ್ದ ಜಿಲ್ಲೆಯಲ್ಲಿ 1881ರಲ್ಲಿ ಎಣಿಕೆಗೆ ಸಿಕ್ಕವರು ಸುಮಾರು 6 ಲಕ್ಷ 38 ಸಾವಿರ. ಐವರಲ್ಲಿ ಒಬ್ಬನಿಗಿಂತ ಹೆಚ್ಚು ಮಂದಿ ಸತ್ತೋ ಗುಳೆ ಹೋಗಿಯೋ ಇಲ್ಲದಂತಾದರು. ಇಂಥ ನಾಡಿನಲ್ಲಿ ಸಾರ್ವಜನಿಕ ಜೀವನವೆಂಬುದು ವಿರಾಮದಲ್ಲಿ ಹುಟ್ಟಿದ ವಿನೋದವಲ್ಲ. ಮುಂದಿನ ಬರಗಾಲಕ್ಕೆ ಮುಂಚೆ ತಮ್ಮ ಮಾತು ಕೇಳುವವರನ್ನು ದೊರಕಿಸಿಕೊಳ್ಳುವ ಯತ್ನವಾಗಿತ್ತು.

ಮೊದಲನೆಯ ಬಿನ್ನಹವು ಶಾಲೆಯದು. ಮುಂಬಯಿ ಇಲಾಖೆಯಲ್ಲಿ ಭೂಕಂದಾಯದ ರೂಪಾಯಿಗೆ ಒಂದಾಣೆಯಂತೆ ಸ್ಥಳಿಕ ಪಟ್ಟಿಯನ್ನು ಎತ್ತಿ ಅದರ ಮೂರನೆಯ ಒಂದು ಪಾಲನ್ನು ಶಿಕ್ಷಣಕ್ಕೆ ತೆಗೆದಿರಿಸುವ ಪದ್ಧತಿಯು 1860ರ ದಶಕದಲ್ಲಿ ಬಂದಿತು. ರಯತನು ಶಾಲೆಯ ಹಣವನ್ನು ತಾನೇ ಕೊಡುತ್ತಿದ್ದನು. ಶಾಲೆಯು ಎಲ್ಲಿ ಇರಬೇಕು, ಯಾವ ಭಾಷೆಯಲ್ಲಿ ನಡೆಯಬೇಕು ಎಂಬುದನ್ನು ಮಾತ್ರ ಬೇರೆಯವರು ಗೊತ್ತುಪಡಿಸುತ್ತಿದ್ದರು. ಕನ್ನಡ ಮಕ್ಕಳಿಗೆ ಮರಾಠಿಯಲ್ಲಿ ಪಾಠ ಹೇಳುತ್ತಿದ್ದ ಆ ಕಾಲದಲ್ಲಿ ಡೆಪ್ಯುಟಿ ಚೆನ್ನಬಸಪ್ಪನವರು ಸರಕಾರದ ಅಧಿಕಾರಿಯಾಗಿದ್ದೂ ಕನ್ನಡ ಶಾಲೆಗಳಿಗಾಗಿ ದುಡಿದರು. 1890ರಲ್ಲಿ ರಾ. ಹ. ದೇಶಪಾಂಡೆಯವರ ಮುಂದಾಳುತನದಲ್ಲಿ ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘವು ಸ್ಥಾಪಿತವಾಯಿತು. ಒಬ್ಬ ಅಧಿಕಾರಿಯ ಅಭಿಮಾನದಿಂದ ನಡೆಯುತ್ತಿದ್ದ ಕಾರ್ಯಕ್ಕೆ ಅಂದಿನಿಂದ ಸಂಸ್ಥೆಯ ಬಲವು ದೊರೆಯಿತು.

ವಿಜಾಪುರ ಜಿಲ್ಲೆಯೊಳಗೆ ಈ ಕಾರ್ಯವನ್ನು ಹೊತ್ತವರಲ್ಲಿ ಫಕೀರಪ್ಪ ಗುರುಬಸಪ್ಪ ಹಳಕಟ್ಟಿಯವರು ಅಗ್ರಗಣ್ಯರು. ಧಾರವಾಡದಲ್ಲಿ 1880ರಲ್ಲಿ ಹುಟ್ಟಿದ ಇವರು ವಕೀಲಿಗಾಗಿ ವಿಜಾಪುರಕ್ಕೆ ಬಂದು ಅಲ್ಲಿಯವರೇ ಆಗಿಬಿಟ್ಟರು. 1910ರಲ್ಲಿ ವಿಜಾಪುರ ಲಿಂಗಾಯತ ಜಿಲ್ಲಾ ವಿದ್ಯಾಸಂಸ್ಥೆಯನ್ನೂ 1912ರಲ್ಲಿ ಸಿದ್ಧೇಶ್ವರ ಬ್ಯಾಂಕನ್ನೂ ಕಟ್ಟುವದರಲ್ಲಿ ಇವರೇ ಮುಂದಾದರು. ವಚನಗಳ ಓಲೆಗರಿಗಳನ್ನು ಹುಡುಕಿ ಮುದ್ರಿಸಿದ ಪುಣ್ಯಪುರುಷರೆಂದು ಅವರನ್ನು ಎಲ್ಲರೂ ಬಲ್ಲರು. ಆದರೆ ಓದಬಲ್ಲ ಜನವಿಲ್ಲದೆ ಓದಿಸುವ ಪುಸ್ತಕದಿಂದ ಫಲವಿಲ್ಲವೆಂಬುದನ್ನು ಅವರು ಮೊದಲೇ ಅರಿತಿದ್ದರೆಂಬುದು ಈ ತಾರೀಖುಗಳಿಂದ ವ್ಯಕ್ತವಾಗುತ್ತದೆ. ವಚನಶಾಸ್ತ್ರಸಾರದ ಮೊದಲ ಭಾಗವು ಹೊರಬಿದ್ದದ್ದು 1923ರಲ್ಲಿ; ವಿದ್ಯಾಸಂಸ್ಥೆಯು ಅದಕ್ಕಿಂತ 13 ವರ್ಷ ಹಿರಿಯದು. ಮುಂದೆ ಇಂಡಿ ತಾಲೂಕಿನ ಬಂಥನಾಳದ ಸಂಗನಬಸವ ಶಿವಯೋಗಿಗಳು ಆ ಸಂಸ್ಥೆಯ ಭಾರವನ್ನು ಹೊತ್ತು ಅದನ್ನು ಬೆಳೆಯಿಸಿದರು.

ಎರಡನೆಯ ಬಿನ್ನಹವು ಮತದ್ದು. ಶಾಲೆಯನ್ನು ಜನರು ತಾವೇ ಕಟ್ಟಬಹುದು. ಮತವನ್ನು ಹಾಗೆ ಕಟ್ಟಿಕೊಳ್ಳಲು ಬಾರದು, ಅದನ್ನು ಕಾಯಿದೆಯೇ ಕೊಡಬೇಕು. 1884ರ ಲೋಕಲ್ ಬೋರ್ಡುಗಳ ಕಾಯಿದೆಯಿಂದ ತಾಲೂಕು ಜಿಲ್ಲೆಗಳ ಬೋರ್ಡುಗಳಲ್ಲಿ ಚುನಾಯಿತರಿಗೆ ಕೆಲವು ಸ್ಥಾನಗಳು ದೊರೆತವು. 1919ರ ಸುಧಾರಣೆಯ ಕಾಯಿದೆಯಿಂದ ಪ್ರಾಂತದ ಕೌನ್ಸಿಲ್ಲಿಗೂ ಚುನಾವಣೆಯು ವಿಸ್ತಾರವಾಯಿತು. ಆದರೆ ಹಳ್ಳಿಯಲ್ಲಿ ಮತದಾರನಾಗಲು ಈ ಜಿಲ್ಲೆಯಲ್ಲಿ 32 ರೂಪಾಯಿ ಸಾರೆಯ ಭೂಮಿಯಿರಬೇಕಾಗಿತ್ತು. ಮಳೆಯನ್ನೇ ನಂಬಿದ, ಎಕರೆಗೆ ಹಗುರವಾದ ಸಾರೆಯ ಸೀಮೆಯಲ್ಲಿ 32 ರೂಪಾಯಿ ಸಾರೆ ಕೊಡುವ ಹಿಡುವಳಿಯು ಸಣ್ಣದಲ್ಲ. ಸ್ವಂತ ಭೂಮಿಯಿಲ್ಲದ ಕೂಲಿಯವನೂ ಪಾಲಿಗೆ ಮಾಡುವ ರಯತನೂ ಹೊರಗುಳಿದರು. ಮುಂಬಯಿ ಇಲಾಖೆಯಲ್ಲಿ 1921ರಲ್ಲಿ ಹೆಂಗಸರಿಗೂ ಮತವು ದೊರೆಯಿತಾದರೂ ಭೂಮಿಯ ಅಳತೆಗೋಲು ಹಾಗೆಯೇ ಇದ್ದುದರಿಂದ, ಹೆಸರಿನಲ್ಲಿ ಹೊಲವಿಲ್ಲದ ಹೆಣ್ಣುಮಗಳಿಗೆ ಅದರಿಂದ ಪ್ರಯೋಜನವಾಗಲಿಲ್ಲ. ಹಳಕಟ್ಟಿಯವರಂಥವರು ಮುಂಬಯಿ ಕೌನ್ಸಿಲ್ಲಿಗೆ ಹೋಗಿ ಈ ನಾಡಿನ ಪರವಾಗಿ ಮಾತನಾಡಿದರು. ಅವರನ್ನು ಆರಿಸುವ ಅಧಿಕಾರವು ಮಾತ್ರ ಕೆಲವರಲ್ಲಿಯೇ ಇತ್ತು.

ಈ ಕೊರತೆಯನ್ನು ಬಲವಾಗಿ ಎತ್ತಿ ಹೇಳಿದ ಸಂಸ್ಥೆಯು ಇಂಡಿ ತಾಲೂಕಿನಿಂದ ಬಹಳ ದೂರದಲ್ಲಿ ಕೆಲಸ ಮಾಡಲಿಲ್ಲ. 1924ರಲ್ಲಿ ಡಾಕ್ಟರ ಭೀಮರಾವ್ ಅಂಬೇಡಕರರು ಮುಂಬಯಿಯಲ್ಲಿ ಬಹಿಷ್ಕೃತ ಹಿತಕಾರಿಣೀ ಸಭೆಯನ್ನು ಸ್ಥಾಪಿಸಿದರು. 1925ರ ಜನೇವರಿಯಲ್ಲಿ ಆ ಸಭೆಯು ಭೀಮೆಯ ಆಚೆಯ ಸೋಲಾಪುರದಲ್ಲಿ ವಿದ್ಯಾರ್ಥಿನಿಲಯವನ್ನು ತೆರೆಯಿತು. ಅನಂತರದ ವರ್ಷಗಳಲ್ಲಿ ಅಂಬೇಡಕರರ ಯತ್ನದಿಂದಲೇ ಧಾರವಾಡದಲ್ಲಿಯೂ ಒಂದು ವಿದ್ಯಾರ್ಥಿನಿಲಯವು ಏರ್ಪಟ್ಟಿತು. ಇಲ್ಲಿ ಶಾಲೆ ಮತ್ತು ಮನೆ ಎಂಬ ಎರಡು ಬಿನ್ನಹಗಳು ಒಂದಾದದ್ದನ್ನು ವಾಚಕರು ಲಕ್ಷಿಸಬೇಕು. ಶಾಲೆಯ ಬಾಗಿಲು ತೆರೆದಿದ್ದರೂ ಊರಿನಲ್ಲಿ ಇಳಿದುಕೊಳ್ಳಲು ಯಾರೂ ಎಡೆಗೊಡದ ಹುಡುಗನಿಗೆ ಆ ಬಾಗಿಲು ಮುಚ್ಚಿದಂತೆಯೇ ಸರಿ. 1923ರಲ್ಲಿ ಬೋಲೆಯವರ ಠರಾವಿನ ಮೂಲಕ ಮುಂಬಯಿ ಕೌನ್ಸಿಲ್ಲು ಸಾರ್ವಜನಿಕ ಬಾವಿ, ಶಾಲೆ, ಔಷಧಾಲಯಗಳನ್ನು ಅಸ್ಪೃಶ್ಯರಿಗೆ ತೆರೆಯಬೇಕೆಂದು ಶಿಫಾರಸು ಮಾಡಿತ್ತು. ಆದರೆ ಠರಾವು ಕೌನ್ಸಿಲ್ಲಿನಲ್ಲಿ, ಬಾವಿ ಊರಿನಲ್ಲಿ. ಇವೆರಡರ ನಡುವಿನ ಅಂತರವನ್ನು ಮತವೊಂದೇ ತುಂಬಬಲ್ಲದೆಂದು ತಿಳಿದು, 1928ರಲ್ಲಿ ಸಾಯಿಮನ್ ಆಯೋಗದ ಮುಂದೆ ಸಭೆಯ ಪರವಾಗಿ ಮನವಿಯನ್ನು ಸಲ್ಲಿಸಿದ ಅಂಬೇಡಕರರು ಪ್ರಾಪ್ತವಯಸ್ಕರೆಲ್ಲರಿಗೂ ಮತ ಬೇಕೆಂದು ವಾದಿಸಿದರು. ದೇಶದ ಅನೇಕ ಮುಖಂಡರಿಗೆ ಆಗ ಅದು ಅತಿಯಾದ ಬೇಡಿಕೆಯಾಗಿ ತೋರಿತು.

1935ರ ಕಾಯಿದೆಯು ಭೂಮಿಯ ಮಿತಿಯನ್ನು ಇಳಿಸಿ ವಿದ್ಯೆಯನ್ನೂ ಮತದ ಅರ್ಹತೆಗಳಲ್ಲಿ ಸೇರಿಸಿತು. ಶಾಲೆಗಾಗಿ ಮಾಡಿದ ದುಡಿಮೆಯು ಮತದ ದಾರಿಯಲ್ಲಿಯೂ ಫಲ ಕೊಟ್ಟದ್ದು ಹೀಗೆ. ಆದರೂ ಬ್ರಿಟಿಷ್ ಹಿಂದುಸ್ಥಾನದ ನೂರು ಜನರಲ್ಲಿ ಸುಮಾರು 14 ಜನರಿಗೆ ಮಾತ್ರ ಮತವಿತ್ತು. ಓದು ಬಾರದವನು ಮತಕ್ಕೆ ಅಯೋಗ್ಯನೆಂಬ ವಾದವು ಸ್ವತಂತ್ರ ಭಾರತದ ಸಂವಿಧಾನದಿಂದಲೇ ಕೊನೆಗಂಡಿತು. 1951-52ರ ಚುನಾವಣೆಯಲ್ಲಿ 21 ವರ್ಷ ತುಂಬಿದ ಗಂಡಸು ಹೆಂಗಸರೆಲ್ಲರೂ, ಹೊಲದ ಸಾರೆಯನ್ನೂ ಶಾಲೆಯ ದಾಖಲೆಯನ್ನೂ ತೋರಿಸದೆ ಮತ ಹಾಕಿದರು. 1956ರ ನವೆಂಬರ 1ರಂದು ಈ ತಾಲೂಕುಗಳು ಮುಂಬಯಿಯಿಂದ ಬಿಟ್ಟು ವಿಶಾಲ ಮೈಸೂರು ರಾಜ್ಯದಲ್ಲಿ ಸೇರಿದವು. ಕನ್ನಡ ಶಾಲೆಗಾಗಿ ಆರಂಭವಾದ ಬಿನ್ನಹವು ಕನ್ನಡ ರಾಜ್ಯದಲ್ಲಿ ಸಫಲವಾಯಿತು.

ಮೂರನೆಯದಾದ ಮನೆಯ ಬಿನ್ನಹವು ಎಲ್ಲಕ್ಕೂ ಹಿಂದೆ ಬಿದ್ದಿತು. ಸರಕಾರವು ಈ ಜಿಲ್ಲೆಯಲ್ಲಿ ಮೊದಮೊದಲು ಕೊಟ್ಟ ವಸತಿಗಳಲ್ಲಿ ಒಂದು ಯಾರೂ ಬೇಡಿದುದಲ್ಲ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ, ಹುಟ್ಟಿನಿಂದಲೇ ಅಪರಾಧಿಗಳೆಂದು ಕಾಯಿದೆಯು ಹೆಸರಿಟ್ಟ ಅಲೆಮಾರಿ ಜನರನ್ನು ವಿಜಾಪುರದ ಸೆಟ್ಲಮೆಂಟಿನಲ್ಲಿ ಇರಿಸಲಾಯಿತು. ಅಲ್ಲಿ ಸೂರು ಇತ್ತು, ಕೆಲಸವಿತ್ತು, ಶಾಲೆಯೂ ಇತ್ತು. ಹಾಜರಿ ಕೊಡದೆ ಹೊರಗೆ ಹೋಗುವ ಸ್ವಾತಂತ್ರ್ಯವು ಮಾತ್ರ ಇರಲಿಲ್ಲ. ಆ ಕಾಯಿದೆಯು ದೇಶದಲ್ಲೆಲ್ಲ ರದ್ದಾದದ್ದು 1952ರಲ್ಲಿ. ಮತವಿಲ್ಲದವನಿಗೆ ಕೊಟ್ಟ ಮನೆಯು ಸೆರೆಯಾಗಬಹುದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನವು ಬೇಡ. 1948ರ ಮುಂಬಯಿ ಗೇಣಿ ಕಾಯಿದೆಯು, ಒಡೆಯನ ಜಾಗದಲ್ಲಿ ಮನೆ ಕಟ್ಟಿಕೊಂಡ ರಯತನನ್ನು ಆ ಮನೆಯಿಂದ ಹೊರದೂಡದಂತೆ ರಕ್ಷಣೆ ಕೊಟ್ಟಿತು.

ಮನೆಯ ಪ್ರಶ್ನೆಯು ಉಗ್ರರೂಪ ತಾಳಿದ್ದು ಕೃಷ್ಣೆಯ ದಂಡೆಯಲ್ಲಿ. 1964ರ ಮೇ 22ರಂದು, ಅಂದಿನ ಬಸವನ ಬಾಗೇವಾಡಿ ತಾಲೂಕಿನ ಆಲಮಟ್ಟಿಯಲ್ಲಿ ಲಾಲಬಹಾದ್ದೂರ ಶಾಸ್ತ್ರಿಗಳು ಅಣೆಕಟ್ಟಿಗೆ ಅಡಿಗಲ್ಲನ್ನಿಟ್ಟರು. ಬರದ ನಾಡಿಗೆ ನೀರು ಬೇಕೆಂಬುದು ತಲೆಮಾರುಗಳ ಬಿನ್ನಹ. 1876ನ್ನು ಕಂಡ ನಾಡು ಅದನ್ನು ಬೇಡವೆನ್ನಲು ಬಾರದು. ಆದರೆ ನೀರು ನಿಂತಲ್ಲಿ ಊರು ನಿಲ್ಲದು. ಹೊಳೆಯ ಎರಡೂ ದಂಡೆಯ ಹಳ್ಳಿಗಳು ಹೊಲ, ಮನೆ, ಗುಡಿ, ಗೋರಿಗಳನ್ನು ಬಿಟ್ಟು ಎತ್ತರಕ್ಕೆ ಏರಬೇಕಾಯಿತು. ಈ ಜನರಿಗೆ ಶಾಲೆಯೂ ಇತ್ತು, ಮತವೂ ಇತ್ತು. ಆದರೂ ಪರಿಹಾರದ ಹಣ ಸಾಲದು, ಪುನರ್ವಸತಿಯ ಜಾಗ ಸಿದ್ಧವಿಲ್ಲ ಎಂದು ಮತ್ತೆ ಸಂಘ ಕಟ್ಟಿ ಅರ್ಜಿ ಹಿಡಿಯಬೇಕಾಯಿತು. ನಿರಾಶ್ರಿತರ ವ್ಯವಸ್ಥೆಯು ಸಮರ್ಪಕವಾಗಿಲ್ಲವೆಂಬ ಕಾರಣದಿಂದಲೇ 1990ರ ದಶಕದಲ್ಲಿ ಜಾಗತಿಕ ಬ್ಯಾಂಕು ಈ ಯೋಜನೆಯ ಸಾಲದ ಕಂತುಗಳನ್ನು ತಡೆಹಿಡಿಯಿತು. 2000ದಲ್ಲಿ ಸುಪ್ರೀಮ ಕೋರ್ಟು 519.6 ಮೀಟರ ಎತ್ತರಕ್ಕೆ ಒಪ್ಪಿಗೆಯಿತ್ತಿತು. 2010ರಲ್ಲಿ ಎರಡನೆಯ ನ್ಯಾಯಾಧಿಕರಣವು 524.256 ಮೀಟರಿನ ವರೆಗೆ ನೀರು ನಿಲ್ಲಿಸಬಹುದೆಂದು ತೀರ್ಪಿತ್ತಿತು. ಈ ಅಂಕೆಗಳ ನಡುವಿನ ನಾಲ್ಕೂವರೆ ಮೀಟರಿನಷ್ಟು ಅಂತರವು ಕಾಗದದ ಮೇಲೆ ಸಣ್ಣದು. ಅದರೊಳಗೆ ಮನೆಯುಳ್ಳವನಿಗೆ ಅದೇ ಸರ್ವಸ್ವ.

ಇದರಿಂದ ಸಿದ್ಧವಾಗುವ ಸಂಗತಿಯೇನೆಂದರೆ, ಶಾಲೆ ಬಂದರೆ ಮತ ಬರುವದು, ಮತ ಬಂದರೆ ಮನೆ ಉಳಿಯುವದು ಎಂಬ ಸರಳವಾದ ಕ್ರಮವು ಚರಿತ್ರೆಯಲ್ಲಿಲ್ಲ. ಒಂದೊಂದನ್ನೂ ಬೇರೆ ಬೇರೆಯಾಗಿ ಬೇಡಿ, ದೊರೆತ ಮೇಲೆಯೂ ಕಾಯಬೇಕಾಗುವದು. ಮೊದಲಿನ ಸಂಘಗಳನ್ನು ನಡೆಯಿಸಿದವರು ವಕೀಲರು, ಸ್ವಾಮಿಗಳು, ಪಂಡಿತರು. ಅವರು ಮೂಕರಾದವರ ಪರವಾಗಿ ಮಾತನಾಡಿದರು. ಅದು ದೊಡ್ಡ ಉಪಕಾರ. ಆದರೆ ಅವರ ದುಡಿಮೆಯ ನಿಜವಾದ ಬೆಲೆಯು ಅವರಾಡಿದ ಮಾತಿನಲ್ಲಿಲ್ಲ. ಅವರು ಕಟ್ಟಿದ ಶಾಲೆಯಲ್ಲಿ ಅಕ್ಷರ ಕಲಿತವನ ಮೊಮ್ಮಗಳು ಮುಳುಗಡೆಯಾದ ಹೊಲದ ಪರಿಹಾರಕ್ಕೆ ತನ್ನ ಅರ್ಜಿಯನ್ನು ತಾನೇ ಬರೆದು ಅದರ ಕೆಳಗೆ ತನ್ನ ರುಜುವನ್ನು ತಾನೇ ಹಾಕುವದರಲ್ಲಿದೆ.