‘ಬಚ್ಚಿಡು’ ಎಂಬ ಮಾತು

‘ಬಚ್ಚಿಡು’ ಎಂಬ ಮಾತು ಕಿವಿಗೆ ಬಿದ್ದೊಡನೆಯೇ ಕಳ್ಳನೋ ಜಿಪುಣನೋ ನಮ್ಮ ಕಣ್ಣಮುಂದೆ ಬಂದು ನಿಲ್ಲುವನಷ್ಟೆ. ಆದರೆ ಈ ಶಬ್ದದ ಹುಟ್ಟನ್ನು ವಿಚಾರಿಸಿದರೆ ಅದರಲ್ಲಿ ಕಳವಿನ ಸೋಂಕೇ ಇಲ್ಲವೆಂಬುದು ತಿಳಿದುಬರುವುದು. ಹಳೆಯ ‘ಬಯ್ಚು’ ಎಂಬುದೇ ಕಾಲಕ್ರಮದಲ್ಲಿ ‘ಬಚ್ಚು’ ಎಂದಾಯಿತು. ಅದರ ಮೂಲವಾದ ‘ಬಯ್’ ಧಾತುವಿಗೆ ತಮಿಳಿನ ‘ವೈ’ ಸೋದರಶಬ್ದವು. ತಮಿಳಿನ ವಕಾರಕ್ಕೆ ಕನ್ನಡದಲ್ಲಿ ಬಕಾರವು ಬರುವುದಕ್ಕೆ ‘ವಾಯ್—ಬಾಯಿ’, ‘ವಿಲ್—ಬಿಲ್ಲು’ ಎಂಬ ಜೋಡಿಗಳೇ ಸಾಕ್ಷಿ. ‘ವೈ’ ಎಂದರೆ ಇಡು, ಇರಿಸು ಎಂದಷ್ಟೇ ಅರ್ಥ.

ಸಂಸ್ಕೃತದಲ್ಲಿಯೂ ಇದೇ ಕ್ರಮವುಂಟು. ವಿಜಯನಗರದ ಕಾಲದ ದಾನಶಾಸನಗಳಲ್ಲಿ ‘ನಿಧಿ’, ‘ನಿಕ್ಷೇಪ’ಗಳೆಂಬ ಶಬ್ದಗಳು ಮೇಲಿಂದ ಮೇಲೆ ಬರುವುವು. ಎರಡಕ್ಕೂ ಮೊದಲ ಅರ್ಥ ಕೆಳಗಿಟ್ಟದ್ದು ಎಂದೇ. ನೆಲದೊಳಗೆ ಹೂತಿಟ್ಟದ್ದು ಎಂಬುದು ಅನಂತರ ಬಂದ ಅರ್ಥ. ಎರಡು ಭಾಷೆಗಳಲ್ಲಿಯೂ ‘ಇಡು’ ಎಂಬುದು ‘ಅಡಗಿಸು’ ಎಂದಾದುದು ಹೇಗೆ?

ಇದಕ್ಕೆ ಒಂದು ಉತ್ತರವು ನಮ್ಮ ನೆಲದಲ್ಲಿಯೇ ದೊರೆಯುವುದು. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳು ರಾಗಿಯ ಸೀಮೆಗಳು. ಈ ಸೀಮೆಯ ಹಿಂದಿನ ಒಕ್ಕಲಿಗನು ರಾಗಿಯನ್ನು ಕಾಪಾಡುತ್ತಿದ್ದುದು ಹಗೇವಿನಲ್ಲಿ. ತೆಲುಗಿನವರು ಇದನ್ನು ‘ಪಾತರ’ ಎನ್ನುವರು; ‘ಪಾತು’ ಎಂದರೆ ಹೂಳು. ನೀರು ನಿಲ್ಲದ ಗಟ್ಟಿ ನೆಲದಲ್ಲಿ ಬಾಯಿ ಕಿರಿದು, ಒಡಲು ಹಿರಿದಾಗಿ ಗುಣಿಯನ್ನು ತೋಡಿ, ಸುತ್ತಲೂ ಹುಲ್ಲನ್ನು ಹಾಸಿ, ರಾಗಿಯನ್ನು ತುಂಬಿ, ಮೇಲೆ ಕಲ್ಲು ಮುಚ್ಚಿ ಮಣ್ಣು ಮೆತ್ತುತ್ತಿದ್ದರು. ಹುಳು ಹಿಡಿಯದ ರಾಗಿ ಅಲ್ಲಿ ವರ್ಷಗಟ್ಟಲೆ ಕೆಡದೆ ಉಳಿಯುತ್ತಿತ್ತು. ಹಗೇವನ್ನು ತೆರೆದೊಡನೆ ಇಳಿಯುವಂತಿಲ್ಲ. ಒಳಗಿನ ಕೆಟ್ಟ ಗಾಳಿ ಪ್ರಾಣಾಪಾಯಕರ. ಮೊದಲು ದೀಪವನ್ನು ಇಳಿಬಿಟ್ಟು, ಅದು ನಂದದಿದ್ದರೆ ಮಾತ್ರ ಆಳು ಇಳಿಯುವನು.

ಈ ಸೀಮೆಯ ಮೇಲೆ ದಂಡುಗಳ ಹಾವಳಿಯೂ ಕಡಿಮೆಯಾಗಿರಲಿಲ್ಲ. 1762ರಲ್ಲಿ ಹೈದರಾಲಿಯು ಚಿಕ್ಕಬಳ್ಳಾಪುರವನ್ನು ಗೆದ್ದನು. 1791ರಲ್ಲಿ ಕಾರನ್‌ವಾಲಿಸನ ಸೈನ್ಯವು ನಂದಿದುರ್ಗವನ್ನು ಹಿಡಿಯಿತು. ದಂಡು ಬಂದಲ್ಲಿ ಕಣಜ ಬರಿದಾಗುವುದು. ಕಣ್ಣಿಗೆ ಕಾಣದ ಧಾನ್ಯವೇ ಉಳಿಯುವುದು. ಇಡುವುದೆಂದರೆ ಅಡಗಿಸಿಡುವುದೇ ಆಗಬೇಕಾದ ಬಾಳು ಅದು.

ಆದರೆ ಬಚ್ಚಿಟ್ಟ ಧಾನ್ಯಕ್ಕೆ ಇನ್ನೊಂದು ಮುಖವೂ ಉಂಟು. ಧಾತು, ಈಶ್ವರ ಸಂವತ್ಸರಗಳ ಮಹಾಕ್ಷಾಮದಲ್ಲಿ (1876–78) ಮೈಸೂರು ಸಂಸ್ಥಾನವು ಅನುಭವಿಸಿದ ಸಂಕಟವು ಹೇಳತೀರದು. 1871ರಲ್ಲಿ 50 ಲಕ್ಷವನ್ನು ಮೀರಿದ್ದ ಜನಸಂಖ್ಯೆಯು 1881ರಲ್ಲಿ ಸುಮಾರು 42 ಲಕ್ಷಕ್ಕೆ ಇಳಿದಿತ್ತು. ಅಂತಹ ಕಾಲದಲ್ಲಿ ಒಬ್ಬನ ಹಗೇವು ಊರಿಗೆ ಅನ್ನವಾಗಬಹುದು. ಇಲ್ಲವೆ ಬೆಲೆ ಏರಲೆಂದು ಮುಚ್ಚಿಯೇ ಇರಬಹುದು. ಈ ಎರಡನೆಯದನ್ನೇ ನಾವು ಈಗ ಕಳ್ಳದಾಸ್ತಾನು ಎನ್ನುವುದು. 1955ರ ಅಗತ್ಯ ವಸ್ತುಗಳ ಕಾಯಿದೆಯು ಅದನ್ನು ತಡೆಯಲು ಹುಟ್ಟಿತು.

ಹಗೇವುಗಳು ಬಹುಮಟ್ಟಿಗೆ ಮುಚ್ಚಿಹೋಗಿವೆ; ಮಾತು ಮಾತ್ರ ಉಳಿದಿದೆ. ನಾಳೆಗೆಂದು ಇಡುವುದು ಗೃಹಸ್ಥಧರ್ಮ. ಕೊಳ್ಳೆಗಾರನ ಕಣ್ಣಿಗೆ ಮರೆಮಾಡಿ ಇಡುವುದು ವಿವೇಕ. ನೆರೆಯವನ ಹಸಿವಿಗೆ ಮರೆಮಾಡಿ ಇಡುವುದೋ ಪಾಪವೇ ಸರಿ. ಮೂರಕ್ಕೂ ಕನ್ನಡವು ಒಂದೇ ಮಾತನ್ನು ಕೊಟ್ಟಿದೆ. ಭೇದವನ್ನು ತಿಳಿಯುವ ಹೊಣೆಯನ್ನು ನಮಗೆ ಬಿಟ್ಟಿದೆ.