ದಕ್ಷಿಣ ಧ್ರುವದ ಮಂಕು ಪುಂಜ ಆಕ್ಟಾನ್ಸ್

ಭೂಮಿಯ ಅಕ್ಷರೇಖೆಯನ್ನು ದಕ್ಷಿಣಕ್ಕೆ ನೀಳವಾಗಿ ಎಳೆದರೆ ಅದು ಆಕಾಶವನ್ನು ಮುಟ್ಟುವ ಬಿಂದುವಿಗೆ ದಕ್ಷಿಣ ಖಗೋಳ ಧ್ರುವ ಎಂದು ಹೆಸರು. ಅದು ಸಿಡ್ನಿಯಲ್ಲಿ ದಿಗಂತದಿಂದ ಸುಮಾರು 34 ಡಿಗ್ರಿ, ಮೆಲ್ಬರ್ನಿನಲ್ಲಿ ಸುಮಾರು 38 ಡಿಗ್ರಿ ಎತ್ತರದಲ್ಲಿದೆ. ಈ ಬಿಂದುವನ್ನು ತನ್ನೊಳಗೆ ಇಟ್ಟುಕೊಂಡಿರುವ ನಕ್ಷತ್ರಪುಂಜವೇ ಆಕ್ಟಾನ್ಸ್. ಉತ್ತರದಲ್ಲಿ ಧ್ರುವ ನಕ್ಷತ್ರ ಬರಿಗಣ್ಣಿಗೆ ಎದ್ದು ಕಾಣುತ್ತದೆ, ಆದರೆ ದಕ್ಷಿಣ ಧ್ರುವದ ಸಮೀಪದ ಸಿಗ್ಮಾ ಆಕ್ಟಾಂಟಿಸ್ ತಾರೆಯ ಕಾಂತಿಮಾನ ಸುಮಾರು 5.4, ಈ ಮಾನದಲ್ಲಿ ಅಂಕಿ ಹೆಚ್ಚಿದಷ್ಟೂ ಬೆಳಕು ಕಡಿಮೆಯಾದ್ದರಿಂದ ನಗರದ ದೀಪಗಳ ನಡುವೆ ಅದು ಗೋಚರಿಸುವುದೇ ಇಲ್ಲ.

ಫ್ರೆಂಚ್ ಖಗೋಳಜ್ಞ ಲಕಾಯ್ 1751–52ರಲ್ಲಿ ಆಫ್ರಿಕಾದ ಕೇಪ್ ಟೌನಿನಲ್ಲಿ ನೆಲಸಿ, ಹತ್ತಿರ ಹತ್ತಿರ 10,000 ತಾರೆಗಳನ್ನು ಗುರುತಿಸಿ, 14 ಹೊಸ ಪುಂಜಗಳನ್ನು ರಚಿಸಿದನು; ಅವುಗಳಲ್ಲಿ ಬಹುಪಾಲಿಗೆ ಅವನು ಇಟ್ಟದ್ದು ವಿಜ್ಞಾನ ಮತ್ತು ಕಲೆಗಳ ಉಪಕರಣಗಳ ಹೆಸರನ್ನು. ಧ್ರುವದ ಪುಂಜಕ್ಕೆ ಅವನು ಆರಿಸಿದ ಆಕ್ಟಂಟ್, ವೃತ್ತದ ಎಂಟನೆಯ ಒಂದು ಭಾಗದ ಕಮಾನುಳ್ಳ ನಾವಿಕರ ಸಾಧನವಾಗಿದ್ದು, 1731ರಲ್ಲಿ ಜಾನ್ ಹ್ಯಾಡ್ಲಿ ಅದನ್ನು ಲಂಡನ್ನಿನ ರಾಯಲ್ ಸೊಸೈಟಿಯ ಮುಂದಿಟ್ಟಿದ್ದನು. ಹಡಗು ಹೊಯ್ದಾಡುತ್ತಿದ್ದರೂ ಕನ್ನಡಿಗಳ ಮೂಲಕ ಸೂರ್ಯನ ಬಿಂಬವನ್ನು ದಿಗಂತದ ಗೆರೆಗೆ ತಂದು ಕೂಡಿಸಿ ಅದರ ಎತ್ತರವನ್ನು ಅಳೆಯಲು, ಅದರಿಂದ ಅಕ್ಷಾಂಶವನ್ನು ತಿಳಿಯಲು ಇದು ನೆರವಾಯಿತು. ಧ್ರುವದ ಎತ್ತರವೇ ಆಯಾ ಊರಿನ ಅಕ್ಷಾಂಶವಾಗಿರುವುದರಿಂದ ಈ ಹೆಸರು ಆ ಸ್ಥಳಕ್ಕೆ ಅತ್ಯಂತ ಯೋಗ್ಯವಾದುದು ಎನ್ನಬೇಕು. ಹಾಗೆಂದು ದಕ್ಷಿಣದ ಆಕಾಶಕ್ಕೆ ಅದುವರೆಗೆ ಹೆಸರುಗಳೇ ಇರಲಿಲ್ಲವೆಂದು ಭಾವಿಸುವುದು ಅನ್ಯಾಯವಾದೀತು: ವಿಕ್ಟೋರಿಯಾದ ಬೂರಾಂಗ್ ಮೂಲನಿವಾಸಿಗಳ ಸಮೃದ್ಧ ತಾರಾಜ್ಞಾನವನ್ನು ವಿಲಿಯಂ ಸ್ಟಾನ್‌ಬ್ರಿಜ್ 1857ರಲ್ಲಿ ಮೆಲ್ಬರ್ನಿನ ವಿದ್ವತ್ಸಭೆಯ ಮುಂದೆ ವಿವರಿಸಿದ್ದನು.

ಹೆಸರಿಟ್ಟವನು ಕೇಪಿನಲ್ಲಿದ್ದನಾದರೂ, ಈ ಪುಂಜದ ಮಂಕು ತಾರೆಗಳನ್ನು ಒಂದೊಂದಾಗಿ ಲೆಕ್ಕಕ್ಕೆ ತಂದ ಶ್ರಮ ಆಸ್ಟ್ರೇಲಿಯಾದ್ದು. ಇಡೀ ಆಕಾಶವನ್ನು ಛಾಯಾಚಿತ್ರಗಳಿಂದ ದಾಖಲಿಸಲು 1887ರಲ್ಲಿ ಪ್ಯಾರಿಸ್ಸಿನಲ್ಲಿ ಕೂಡಿದ ಖಗೋಳಜ್ಞರು ನಿಶ್ಚಯಿಸಿದ ಮೇಲೆ, ಆಕಾಶದ ಅಕ್ಷಾಂಶ ಎನ್ನಬಹುದಾದ ಕ್ರಾಂತಿಯ ಲೆಕ್ಕದಲ್ಲಿ ದಕ್ಷಿಣದ 52ರಿಂದ 64 ಡಿಗ್ರಿವರೆಗಿನ ಪಟ್ಟಿ ಸಿಡ್ನಿ ವೀಕ್ಷಣಾಲಯಕ್ಕೂ, 65ರಿಂದ ಧ್ರುವದವರೆಗಿನದು ಮೆಲ್ಬರ್ನಿಗೂ ಸೇರಿ, ಆಕ್ಟಾನ್ಸ್ ಇಡಿಯಾಗಿ ಮೆಲ್ಬರ್ನಿನ ಪಾಲಾಯಿತು. ಗಾಜಿನ ಫಲಕಗಳ ಮೇಲೆ ಮೂಡಿದ ಚುಕ್ಕೆಗಳ ಸ್ಥಾನವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಅಳೆದವರಲ್ಲಿ ಹೆಚ್ಚಿನವರು ಕಡಿಮೆ ಸಂಬಳದ ಮಹಿಳೆಯರು. ಪುಂಜದ ಚರಿತ್ರೆಯಲ್ಲಿ ಲಕಾಯ್‌ಗೆ ಸಲ್ಲುವ ಗೌರವ ಅವರಿಗೂ ಸಲ್ಲಬೇಕು. 1944ರಲ್ಲಿ ಮೆಲ್ಬರ್ನ್ ವೀಕ್ಷಣಾಲಯ ಮುಚ್ಚಿದಾಗ ಅದರ ಪಟ್ಟಿಯಲ್ಲಿ ಉಳಿದಿದ್ದ ಕೆಲಸವನ್ನು ಸಿಡ್ನಿಯ ವೀಕ್ಷಣಾಲಯ ವಹಿಸಿಕೊಂಡು ಪೂರೈಸಿತು.