ಭೋಜನದ ಮೇಜೂ ಮೂಕಪ್ರಾಣಿಯೂ

ಹಣ್ಣು, ರೊಟ್ಟಿ, ಮೀನು, ಬೇಟೆಯ ಹಕ್ಕಿ ಮೊದಲಾದವುಗಳನ್ನು ಮೇಜಿನ ಮೇಲೆ ಜೋಡಿಸಿ ಬರೆದ ಚಿತ್ರಗಳಿಗೆ ಡಚ್ಚರು ‘ನಿಶ್ಚಲ ಜೀವನ’ವೆಂಬ ಹೆಸರನ್ನಿಟ್ಟರು, ಫ್ರೆಂಚರು ‘ಮೃತ ಪ್ರಕೃತಿ’ಯೆಂದು ಕರೆದರು. ಒಬ್ಬರಿಗೆ ಜೀವನವಾಗಿ ತೋರಿದುದು ಇನ್ನೊಬ್ಬರಿಗೆ ಮರಣವಾಗಿ ತೋರಿತು. ಹದಿನೇಳನೆಯ ಶತಮಾನದ ಬರೋಕ್ ಚಿತ್ರಗಳನ್ನು ನೋಡುವಾಗ ನಾವು ಈ ಎರಡು ಹೆಸರುಗಳನ್ನೂ ನೆನಪಿನಲ್ಲಿಡಬೇಕು.

ಆಂಟ್‌ವರ್ಪ್ ನಗರದ ಫ್ರಾನ್ಸ್ ಸ್ನೈಡರ್ಸ್ (1579–1657) ಈ ಬಗೆಯ ಚಿತ್ರಕಾರರಲ್ಲಿ ಅಗ್ರಗಣ್ಯನು. ಅವನ ಮೇಜುಗಳ ಮೇಲೆ ಹಂಸ, ಜಿಂಕೆ, ಕಾಡುಹಂದಿಯ ತಲೆ, ಕೆಂಪು ಕಡಲಸೀಗಡಿ, ದ್ರಾಕ್ಷಿಯ ಗೊಂಚಲು ಇವೆಲ್ಲವೂ ರಾಶಿಬಿದ್ದಿವೆ. ಮೇಜಿನಡಿಯಲ್ಲಿ ಆಗಾಗ ಒಂದು ನಾಯಿಯೋ ಬೆಕ್ಕೋ ಆಸೆಗಣ್ಣಿನಿಂದ ಹೊಂಚುಹಾಕುತ್ತಿರುತ್ತದೆ. ದೊಡ್ಡ ಬೇಟೆಯು ಆಗ ಅರಸರ ಹಾಗೂ ಕುಲೀನರ ಹಕ್ಕಾಗಿದ್ದಿತು. ಕಾಡಿನಲ್ಲಿ ಬೇಟೆಯಾಡುವ ಅಧಿಕಾರವಿಲ್ಲದ ವರ್ತಕನೂ ಗೋಡೆಯ ಮೇಲೆ ಜಿಂಕೆಯನ್ನು ತೂಗುಹಾಕಬಹುದಾಗಿತ್ತು. ಇಲ್ಲಿ ಪ್ರಾಣಿಯು ಸಂಪತ್ತಿನ ಗುರುತು.

ಸ್ಪೇನಿನ ದೃಷ್ಟಿಯೇ ಬೇರೆ. ಟೊಲೆಡೊ ನಗರದ ಸಾಂಚೆಸ್ ಕೊಟಾನನು 1602ರಲ್ಲಿ ಬರೆದ ಚಿತ್ರದಲ್ಲಿ ಕಲ್ಲಿನ ಕಿಟಕಿಯಂಥ ಚೌಕಟ್ಟು, ಅದರ ಹಿಂದೆ ಗಾಢಾಂಧಕಾರ. ನಿಂಬೆ, ಸೇಬು, ಕೌಜುಗಗಳು ದಾರದಿಂದ ತೂಗುತ್ತಿವೆ. ಮೂಲೆಯಲ್ಲಿ ಕಾರ್ಡೂನ್ ಎಂಬ ತರಕಾರಿಯ ಬಾಗಿದ ದಂಟು. ಎಲ್ಲವೂ ಎಣಿಸಿ ಇಟ್ಟಂತಿದೆ. ಮರುವರ್ಷವೇ ಅವನು ಟೊಲೆಡೊವನ್ನು ತೊರೆದು, ಮಾಂಸಾಹಾರವನ್ನೇ ವರ್ಜಿಸಿದ ಕಾರ್ಥೂಸಿಯನ್ ಮಠವನ್ನು ಸೇರಲು ಹೊರಟನು. ಗ್ರನಾಡದ ವಸ್ತುಸಂಗ್ರಹಾಲಯದಲ್ಲಿರುವ ಅವನ ಮತ್ತೊಂದು ಚಿತ್ರದಲ್ಲಿ ಹಕ್ಕಿಗಳಿಲ್ಲ. ದಂಟು, ಕೆಲವು ಗಜ್ಜರಿ, ಕತ್ತಲು, ಇಷ್ಟೆ.

ಇನ್ನು ಮ್ಯಾಡ್ರಿಡ್ ನಗರದ ಪ್ರಾಡೋ ಸಂಗ್ರಹಾಲಯದಲ್ಲಿರುವ ಸುರ್ಬರಾನನ ಕುರಿಮರಿ. ಇದು 1635ರಿಂದ 1640ರೊಳಗೆ ರಚಿತವಾದುದು. ಬೂದುಬಣ್ಣದ ಹಲಗೆಯ ಮೇಲೆ ನಾಲ್ಕು ಕಾಲುಗಳನ್ನೂ ಕಟ್ಟಿಸಿಕೊಂಡು ಮಲಗಿರುವ ಆ ಮರಿ ಇನ್ನೂ ಜೀವಂತವಾಗಿದೆ. ಭಕ್ತನು ಅದರಲ್ಲಿ ಕ್ರಿಸ್ತನ ಬಲಿಯನ್ನು ಕಾಣುತ್ತಾನೆ. ಅಡಿಗೆಯವನು ನಾಳಿನ ಊಟವನ್ನು ಕಾಣುತ್ತಾನೆ. ಚಿತ್ರಕಾರನಾದರೋ ಒದ್ದೆಯಾದ ಮೂಗನ್ನೂ ಉಣ್ಣೆಯ ಒಂದೊಂದು ಸುರುಳಿಯನ್ನೂ ತಾಳ್ಮೆಯಿಂದ ಬರೆದು, ತೀರ್ಪನ್ನು ನಮಗೆ ಬಿಟ್ಟಿದ್ದಾನೆ.

ಫ್ರಾನ್ಸಿನ ಪಂಡಿತ ಫೆಲಿಬಿಯೆನ್ ಚಿತ್ರಪ್ರಕಾರಗಳಿಗೆ ತಾರತಮ್ಯವನ್ನು ಕಲ್ಪಿಸಿ, ಸಜೀವ ಪ್ರಾಣಿಗಳನ್ನು ಬರೆಯುವವನು ನಿರ್ಜೀವ ವಸ್ತುಗಳನ್ನು ಬರೆಯುವವನಿಗಿಂತ ಮೇಲೆಂದನು. ಸುರ್ಬರಾನನ ಕುರಿಮರಿಯನ್ನು ಯಾವ ಮೆಟ್ಟಿಲಿನಲ್ಲಿರಿಸೋಣ? ಅದು ಜೀವಂತವೂ ಹೌದು, ಮೇಜಿನ ವಸ್ತುವೂ ಹೌದು. ಉಣ್ಣುವವರು ಸಾಮಾನ್ಯವಾಗಿ ನೋಡದೆ ಬಿಡುವ ಕ್ಷಣವೊಂದನ್ನು ಈ ಕಲಾವಿದರು ನಿಲ್ಲಿಸಿ ತೋರಿಸಿದರು. ಕೀಳೆನಿಸಿದ ಈ ಪ್ರಕಾರದ ಹಿರಿಮೆಯು ಇದರಲ್ಲಿಯೇ ಇದೆಯೆಂದು ನಾವು ಭಾವಿಸುತ್ತೇವೆ.